ಗೋಡೆಗೆ ಬರುವ ಮುನ್ನ: ಆಂದೋಲನದ ಚಿತ್ರಭಾಷೆಯನ್ನು ಕುರಿತು

(ಹಾರೋಹಳ್ಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಹಾರೋಹಳ್ಳಿಯ ಯಾವುದೇ ಗೊಬ್ಬರದ ಅಂಗಡಿಯಲ್ಲಿ ಕೀಟನಾಶಕದ ಡಬ್ಬಿಯೊಂದನ್ನು ಕೈಗೆತ್ತಿಕೊಂಡು ನೋಡಿದರೆ, ಅದರ ಮೇಲೆ ಮೂಲೆಯೂರಿ ನಿಂತ ಒಂದು ಚೌಕ ಕಾಣಿಸುತ್ತದೆ. ಚೌಕದ ಕೆಳ ಅರ್ಧಕ್ಕೆ ಬಣ್ಣ ತುಂಬಿರುತ್ತದೆ. ಕೆಂಪಾದರೆ ಅತ್ಯಂತ ವಿಷಕಾರಿ, ಹಳದಿಯಾದರೆ ಹೆಚ್ಚು ವಿಷಕಾರಿ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ ವಿಷಕಾರಿ ಎಂದು ಅರ್ಥ. 1971ರ ಕೀಟನಾಶಕ ನಿಯಮಗಳ ಮೂಲಕ ಬಂದ ಚಿಹ್ನೆಯಿದು. ಕಂಪನಿ ಯಾವುದೇ ಇರಲಿ, ಔಷಧಿ ಯಾವುದೇ ಇರಲಿ, ಚೌಕ ಮಾತ್ರ ಒಂದೇ. ಒಮ್ಮೆ ರೂಪಿಸಿ ಮತ್ತೆ ಮತ್ತೆ ಬಳಸುವ ಚಿತ್ರವ್ಯವಸ್ಥೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಹಳ್ಳಿಯಲ್ಲಿ ದೊರೆಯಲಾರದು.

ಆದರೆ ಬೇಸಾಯಗಾರನ ಕಣ್ಣಿಗೆ ಹಸಿರು ಎಂದರೆ ಪೈರು, ಚಿಗುರು, ಸಮೃದ್ಧಿ. ಹಸಿರು ತುಂಬಿದ ಚೌಕವನ್ನು ‘ಇದರಿಂದ ಅಪಾಯವಿಲ್ಲ’ ಎಂದೇ ಆತ ಓದಿಕೊಂಡರೆ ತಪ್ಪು ಆತನದಲ್ಲ. ನಾಲ್ಕೂ ಬಣ್ಣಗಳು ವಿಷದ ನಾಲ್ಕು ಮೆಟ್ಟಿಲುಗಳೇ ಎಂಬ ಮಾತನ್ನು ಆ ಚಿತ್ರ ಹೇಳುವುದಿಲ್ಲ. ಕಚೇರಿಯ ಮೇಜಿನ ಮೇಲೆ ಬಣ್ಣಕ್ಕೆ ಅರ್ಥ ಕೊಟ್ಟವರು ಹೊಲದಲ್ಲಿ ಆ ಬಣ್ಣಕ್ಕೆ ಮೊದಲೇ ಇದ್ದ ಅರ್ಥವನ್ನು ಗಣಿಸಲಿಲ್ಲ. ಆಂದೋಲನಕ್ಕೆ ಲಾಂಛನ, ಭಿತ್ತಿಪತ್ರ, ಗೋಡೆಬರಹಗಳನ್ನು ಸಿದ್ಧಪಡಿಸಲು ಹೊರಟವರು ಈ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂರುವುದು ಒಳ್ಳೆಯದು.

ಈ ಸೀಮೆಯಲ್ಲಿ ಆ ಕೆಲಸಕ್ಕೆ ತುರ್ತಾದ ಕಾರಣವಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ದಾಟಿ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುವ ವೃಷಭಾವತಿಯು ಬಿಡದಿ ಸಮೀಪದ ಬೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಮುಂದೆ ಅದೇ ಅರ್ಕಾವತಿಯ ಪಾಲಾಗುತ್ತದೆ. ಕೆರೆಯ ತೂಬಿನ ಬಳಿ ಏಳುವ ಬಿಳಿ ನೊರೆಯನ್ನು ಕಾಣದವರು ಈ ಭಾಗದಲ್ಲಿ ವಿರಳ. ಹಾರೋಹಳ್ಳಿಯಲ್ಲಿಯೇ ದೊಡ್ಡ ಕೈಗಾರಿಕಾ ಪ್ರದೇಶವಿದೆ. ನೀರಿನ ಬಗೆಗೆ ಇಲ್ಲಿ ಕರಪತ್ರಗಳು ಬರುತ್ತವೆ, ಜಾಥಾಗಳು ನಡೆಯುತ್ತವೆ. ಆದರೆ ಒಂದರಲ್ಲಿ ಹನಿಯ ಚಿತ್ರ, ಮತ್ತೊಂದರಲ್ಲಿ ನಲ್ಲಿ, ಇನ್ನೊಂದರಲ್ಲಿ ಭೂಗೋಳವನ್ನು ಹಿಡಿದ ಎರಡು ಕೈ. ಮುಂದಿನ ವರ್ಷ ಬಂದವರು ಎಲ್ಲವನ್ನೂ ಹೊಸದಾಗಿ ಬರೆಯುತ್ತಾರೆ. ಹೀಗಾಗಿ ಹತ್ತು ವರ್ಷ ದುಡಿದರೂ ಜನರ ಕಣ್ಣಿನಲ್ಲಿ ಒಂದು ಚಿತ್ರ ನಿಲ್ಲುವುದಿಲ್ಲ.

ಜನರ ಮನಸ್ಸಿನಲ್ಲಿ ನಿಂತ ಚಿತ್ರಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡಬೇಕು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು, ಕಡಿಯಲೆಂದು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ಚಿತ್ರ, ಎಂದರೆ ಮರದ ಕಾಂಡವನ್ನು ಬಳಸಿದ ಎರಡು ತೋಳು, ಯಾವ ಕಲಾವಿದನ ಕೋಣೆಯಲ್ಲಿಯೂ ಹುಟ್ಟಲಿಲ್ಲ. ಅಂದು ಜನ ಮಾಡಿದ ಕೆಲಸದ ನೆರಳು ಅದು. ಹೆಸರು, ಚಿತ್ರ, ಕ್ರಿಯೆ ಮೂರೂ ಒಂದೇ ಆಗಿದ್ದುದರಿಂದ ವಿವರಣೆಯ ಅಗತ್ಯವೇ ಬೀಳಲಿಲ್ಲ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೂ ಇದೇ ಬಗೆಯದು. ನೀಲಗಿರಿ ಸಸಿಯನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಯನ್ನು ನೆಡುವುದೇ ಅಲ್ಲಿ ಘೋಷಣೆಯೂ ಆಯಿತು, ಚಿತ್ರವೂ ಆಯಿತು.

ಅಪ್ಪಿಕೋದ ಘೋಷವಾಕ್ಯವನ್ನು ಅಕ್ಷರಗಳ ದೃಷ್ಟಿಯಿಂದ ಒಮ್ಮೆ ನೋಡಿರಿ: ಉಳಿಸು, ಬೆಳೆಸು, ಬಳಸು. ಮೂರು ಪದ, ಒಂದೊಂದರಲ್ಲೂ ಮೂರೇ ಅಕ್ಷರ. ಮೂರರಲ್ಲೂ ನಡುವೆ ಳಕಾರ, ಮೂರರಲ್ಲೂ ಕೊನೆಗೆ ‘ಸು’. ಒಂದರ ಕೆಳಗೊಂದು ಬರೆದರೆ ಅಕ್ಷರಗಳು ತಾವಾಗಿಯೇ ಕಂಬದಂತೆ ನಿಲ್ಲುತ್ತವೆ. ಒಂದೂ ಒತ್ತಕ್ಷರವಿಲ್ಲ. ಬರೆಯಲು ಕಲಿಯುತ್ತಿರುವ ಮಗುವೂ ಸುಣ್ಣದಲ್ಲಿ ಬರೆಯಬಲ್ಲ ಮಾತು. ಅದರ ಪಕ್ಕದಲ್ಲಿ ‘ಪಶ್ಚಿಮಘಟ್ಟ ಜೀವವೈವಿಧ್ಯ ಸಂರಕ್ಷಣಾ ಆಂದೋಲನ’ ಎಂಬುದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡನೆಯದು ಅರ್ಥದಲ್ಲಿ ಸರಿಯಾಗಿದೆ; ಆದರೆ ಅದನ್ನು ಬರೆಯುವಷ್ಟರಲ್ಲಿ ಗೋಡೆ ಮುಗಿಯುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ರೈತ ಸಂಘದ ಹಸಿರು ಶಾಲು ಇನ್ನೊಂದು ಪಾಠ. ಅದಕ್ಕೆ ಮುದ್ರಣ ಬೇಕಿಲ್ಲ, ಅಕ್ಷರ ಬೇಕಿಲ್ಲ. ಸಂತೆಯಲ್ಲಿ ದೊರೆಯುವ ಬಟ್ಟೆ ಹೆಗಲಿಗೆ ಬಿದ್ದೊಡನೆ ಒಬ್ಬ ರೈತ ಸಂಘಟನೆಯ ಸದಸ್ಯನಾಗಿ ಕಾಣುತ್ತಾನೆ. ಸಾವಿರ ಜನ ಸೇರಿದರೆ ಮೈದಾನವೇ ಭಿತ್ತಿಪತ್ರವಾಗುತ್ತದೆ. ಆದರೆ ಯಾರು ಬೇಕಾದರೂ ಹೊದೆಯಬಹುದಾದ ಚಿಹ್ನೆಯನ್ನು ಯಾರು ಬೇಕಾದರೂ ಹೊದೆಯುತ್ತಾರೆ. ಸಂಘ ಒಡೆದು ಬಣಗಳಾದ ಮೇಲೆ ಎಲ್ಲ ಬಣಗಳ ಹೆಗಲ ಮೇಲೂ ಅದೇ ಹಸಿರು ಉಳಿಯಿತು; ಅಧಿಕಾರ ಸ್ವೀಕಾರದ ವೇದಿಕೆಗಳಿಗೂ ಅದು ಏರಿತು. ಬಣ್ಣವೊಂದನ್ನೇ ನಂಬಿದ ಚಿಹ್ನೆಗೆ ಈ ಗತಿ ತಪ್ಪದು. ಬಣ್ಣದ ಜೊತೆಗೆ ಒಂದು ಆಕಾರ, ಆಕಾರದ ಜೊತೆಗೆ ಒಂದು ಮಾತು ಇರಲೇಬೇಕು.

ಇವು ಮೂರನ್ನೂ ಕೂಡಿಸಿದ ಒಂದು ಚಿಹ್ನೆ ಡೆನ್ಮಾರ್ಕಿನಲ್ಲಿ 1975ರಲ್ಲಿ ಹುಟ್ಟಿತು. ಅಣುವಿದ್ಯುತ್ತನ್ನು ವಿರೋಧಿಸುತ್ತಿದ್ದ ಆನ್ನೆ ಲುಂಡ್ ಎಂಬ ತರುಣಿ ಆರ್ಹುಸ್ ನಗರದಲ್ಲಿ ರೂಪಿಸಿದ ನಗುವ ಸೂರ್ಯ ಅದು. ಹಳದಿಯ ಹಿನ್ನೆಲೆಯಲ್ಲಿ ನಗುಮುಖದ ಕೆಂಪು ಸೂರ್ಯ, ಸುತ್ತ ಒಂದು ಪ್ರಶ್ನೆ ಮತ್ತು ಉತ್ತರ: ಅಣುಶಕ್ತಿಯೇ? ಬೇಡ, ಧನ್ಯವಾದ. ಸೂರ್ಯ ಬದಲಾಗುವುದಿಲ್ಲ, ಸುತ್ತಲಿನ ಮಾತು ಆಯಾ ದೇಶದ ಭಾಷೆಯಲ್ಲಿ ಬರುತ್ತದೆ. ಹಾಗೆಂದೇ ನಲವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಬಳಕೆಗೆ ಬಂತು. ಬ್ಯಾಡ್ಜುಗಳ ಮಾರಾಟದಿಂದ ಚಳವಳಿಗೆ ಹಣವೂ ಒದಗಿತು. 1985ರಲ್ಲಿ ಡೆನ್ಮಾರ್ಕಿನ ಸಂಸತ್ತು ತನ್ನ ಇಂಧನ ಯೋಜನೆಯಿಂದ ಅಣುವಿದ್ಯುತ್ತನ್ನು ಕೈಬಿಟ್ಟಿತು. ಚಿತ್ರದಿಂದಲೇ ಅದು ಆಯಿತೆಂದು ಹೇಳುವುದು ಅತಿಶಯೋಕ್ತಿ. ಆದರೆ ಗದರದೆ ನಗುತ್ತಾ ‘ಬೇಡ’ ಎನ್ನುವ ಆ ಧಾಟಿ ಗಮನಾರ್ಹ. ನಮ್ಮ ಪರಿಸರ ಭಿತ್ತಿಪತ್ರಗಳಲ್ಲಿ ತಲೆಬುರುಡೆ, ಬಿರುಕುಬಿಟ್ಟ ನೆಲ, ಅಳುವ ಭೂಮಿತಾಯಿ ಇವುಗಳೇ ಹೆಚ್ಚು. ದಿನವೂ ಕಾಣುವ ಗೋಡೆಯ ಮೇಲೆ ದಿನವೂ ಅಳುವ ಮುಖವನ್ನು ಯಾರು ತಾನೇ ಸಹಿಸಿಯಾರು?

ಭಾರತದಲ್ಲಿ ಗೋಡೆಯನ್ನು ಗೆದ್ದ ಚಿಹ್ನೆ ಎಂದರೆ 1960ರ ದಶಕದಲ್ಲಿ ಬಂದ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ತುದಿ ಕೆಳಗಾದ ಮೂರು ಗೆರೆ, ಒಂದೇ ಬಣ್ಣ. ಯಾವ ಹಳ್ಳಿಯ ಬಣ್ಣಗಾರನೂ ಅಳತೆಪಟ್ಟಿಯಿಲ್ಲದೆ ಬರೆಯಬಹುದಿತ್ತು. ಆರೋಗ್ಯ ಕೇಂದ್ರದ ಗೋಡೆ, ಬಸ್ಸಿನ ಹಿಂಬದಿ, ಬೆಂಕಿಪೊಟ್ಟಣ ಎಲ್ಲೆಡೆ ಅದು ಕುಳಿತಿತು. ರೂಪದ ದೃಷ್ಟಿಯಿಂದ ಅದರಲ್ಲಿ ದೋಷ ಹುಡುಕುವುದು ಕಷ್ಟ. ಆದರೆ 1975-77ರ ತುರ್ತುಪರಿಸ್ಥಿತಿಯಲ್ಲಿ ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದ ಮೇಲೆ ಅದೇ ತ್ರಿಕೋನ ಅನೇಕ ಕಡೆ ಭಯದ ಗುರುತಾಯಿತು. ಚಿಹ್ನೆಯ ಹಿಂದೆ ನಿಂತವರ ನಡತೆಯನ್ನು ಚಿಹ್ನೆ ಹೀರಿಕೊಳ್ಳುತ್ತದೆ. ಎಷ್ಟು ಚೆನ್ನಾಗಿ ಬರೆದರೂ ಇದಕ್ಕೆ ಪರಿಹಾರವಿಲ್ಲ.

ಚಿತ್ರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡೇ ಸಾಕ್ಷಿ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. 2014ರ ಮಾರ್ಚ್‌ನ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿತು. ಊರಿನ ಹೆಸರು ಪಟ್ಟಿಯಲ್ಲಿದೆಯೆಂಬುದು ಜನಕ್ಕೆ ಮುಟ್ಟಿತು. ಗಣಿ, ಕಲ್ಲುಕ್ವಾರಿ, ದೊಡ್ಡ ಕಟ್ಟಡಗಳಿಗೆ ನಿರ್ಬಂಧವಿದೆ, ಅಡಿಕೆ ತೋಟ, ಗದ್ದೆಗಳ ಬೇಸಾಯಕ್ಕಿಲ್ಲ ಎಂಬುದು ಮುಟ್ಟಲಿಲ್ಲ. ಅದನ್ನು ಹತ್ತು ಗೆರೆಗಳಲ್ಲಿ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸಬಹುದಿತ್ತು. ಪರಿಸರದ ಪರವಾಗಿ ಮಾತನಾಡುವವರೂ ಆ ಕೆಲಸ ಮಾಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಖಾಲಿ ಬಿಟ್ಟ ಗೋಡೆಯ ಮೇಲೆ ವದಂತಿ ಬರೆಯಿತು.

ಇನ್ನು ಕೆಲಸದ ಮಾತು. ಚಿತ್ರವೊಂದನ್ನು ಹತ್ತು ಊರುಗಳಲ್ಲಿ ಹತ್ತು ಕೈಗಳು ಒಂದೇ ರೀತಿ ಬರೆಯುವುದು ಹೇಗೆ? ನಗರದ ವಿನ್ಯಾಸಕಾರರು ಸೆಂಟಿಮೀಟರಿನ ಅಳತೆಗಳ ಕೈಪಿಡಿ ಕೊಡುತ್ತಾರೆ. ಹಳ್ಳಿಯಲ್ಲಿ ಅದಕ್ಕಿಂತ ಉತ್ತಮ ವ್ಯವಸ್ಥೆ ಪ್ರತಿದಿನ ಬೆಳಗಿನಲ್ಲಿ ಮನೆಯ ಮುಂದೆ ಬಿಡಿಸಲ್ಪಡುತ್ತದೆ. ಚುಕ್ಕಿ ರಂಗೋಲಿಗೆ ಅಳತೆಯಿಲ್ಲ, ಎಣಿಕೆಯಿದೆ. ‘ಏಳು ಚುಕ್ಕಿ, ಏಳು ಸಾಲು’ ಎಂದರೆ ಸಾಕು; ಅಂಗೈಯಗಲಕ್ಕೂ ಬರೆಯಬಹುದು, ಅಂಗಳದಗಲಕ್ಕೂ ಬರೆಯಬಹುದು, ರೂಪ ಕೆಡುವುದಿಲ್ಲ. ಆಂದೋಲನದ ಚಿತ್ರವನ್ನು ಚುಕ್ಕಿಗಳ ಎಣಿಕೆಯಲ್ಲಿ ಕೊಟ್ಟರೆ ಕರಪತ್ರದ ಮೂಲೆಗೂ ನೀರಿನ ತೊಟ್ಟಿಯ ಮೈಗೂ ಅದೇ ಚಿತ್ರ ಒದಗುತ್ತದೆ. ಸಾಗರ, ಶಿರಸಿ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದಲ್ಲಿಯೂ ಇಂಥದೇ ಶಿಸ್ತಿದೆ: ಕೆಲವೇ ಎಳೆಗಳು, ಅವುಗಳ ಜೋಡಣೆಯಿಂದ ನೂರು ಚಿತ್ರಗಳು.

ಅಕ್ಷರಕ್ಕೆ ತಗಡಿನ ಸ್ಟೆನ್ಸಿಲ್ ಬೇಕು. ತಗಡು ದುಬಾರಿಯಾದರೆ ಹಳೆಯ ಎಕ್ಸ್‌ರೇ ಹಾಳೆ ಸಾಕು. ಅದು ನೀರಿಗೆ ನೆನೆಯುವುದಿಲ್ಲ, ಬ್ಲೇಡಿಗೆ ಸುಲಭವಾಗಿ ಕತ್ತರಿಸುತ್ತದೆ. ಕನ್ನಡಕ್ಕೆ ಇಲ್ಲೊಂದು ತೊಡಕಿದೆ. ರ, ಠ, ಥ ಮೊದಲಾದ ಅಕ್ಷರಗಳ ಹೊಟ್ಟೆ ಮುಚ್ಚಿಕೊಂಡಿರುತ್ತದೆ. ಹೊರಗೆರೆಯಷ್ಟನ್ನೇ ಕತ್ತರಿಸಿದರೆ ಒಳಗಿನ ತುಂಡು ಉದುರಿಹೋಗಿ, ಗೋಡೆಯ ಮೇಲೆ ಅಕ್ಷರದ ಬದಲು ಬಣ್ಣದ ಮುದ್ದೆ ಮೂಡುತ್ತದೆ. ‘ನೀರು’, ‘ಕೆರೆ’ ಎಂಬ ಪದಗಳು ರಕಾರವಿಲ್ಲದೆ ಇರಲಾರವು! ಆದ್ದರಿಂದ ಪ್ರತಿ ಮುಚ್ಚಿದ ಹೊಟ್ಟೆಗೂ ಅರ್ಧ ಬೆರಳಗಲದ ಸೇತುವೆಯೊಂದನ್ನು ಉಳಿಸಿ ಕತ್ತರಿಸಬೇಕು. ಒತ್ತಕ್ಷರವುಳ್ಳ ಪದಗಳನ್ನು ಆದಷ್ಟು ಬಿಡಬೇಕು. ‘ಮಾಲಿನ್ಯ’ದ ಬದಲು ‘ಕೊಳೆ’, ‘ಸಂರಕ್ಷಿಸಿ’ಯ ಬದಲು ‘ಕಾಯಿರಿ’ ಎನ್ನಬಹುದು. ಇದು ಭಾಷೆಯನ್ನು ಬಡವಾಗಿಸುವುದಲ್ಲ. ಜನರ ಬಾಯಲ್ಲಿರುವ ಪದಗಳು ಸ್ಟೆನ್ಸಿಲ್ಲಿಗೂ ಒಗ್ಗುತ್ತವೆ ಎಂಬುದು ಕೆಲಸಕ್ಕೆ ಕೂತ ಮೇಲೆ ತಿಳಿಯುವ ಸಂಗತಿ.

ಬಣ್ಣಕ್ಕೆ ಕೆಮ್ಮಣ್ಣು ಮತ್ತು ಸುಣ್ಣ ಸಾಕು. ಒಂದೇ ಬಣ್ಣದಲ್ಲಿ ಅರ್ಥ ಕೊಡದ ಚಿತ್ರ ಎರಡನೆಯ ಬಣ್ಣದಿಂದ ಉದ್ಧಾರವಾಗದು. ಕೆಂಪು-ಹಸಿರುಗಳ ಭೇದ ಕಾಣದ ಕಣ್ಣುಗಳೂ ಪ್ರತಿ ಊರಿನಲ್ಲಿವೆ. ಆದ್ದರಿಂದ ಅರ್ಥಭೇದವನ್ನು ಆಕಾರದಲ್ಲಿ ತೋರಿಸಬೇಕು. ಫ್ಲೆಕ್ಸ್ ಬೇಡವೆಂದು ಪ್ರತ್ಯೇಕ ಹೇಳಬೇಕಿಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿಯೇ ಅದು ಸೇರಿದೆ. ಆದರೂ ಪರಿಸರ ದಿನಾಚರಣೆಯ ಫ್ಲೆಕ್ಸುಗಳು ಜೂನ್ ತಿಂಗಳ ಗಾಳಿಗೆ ಹರಿದು ಚರಂಡಿ ಸೇರುವುದನ್ನು ಎಲ್ಲರೂ ಕಂಡಿದ್ದಾರೆ. ಗೋಡೆಗೆ ಬರೆಯುವ ಮುನ್ನ ಗೋಡೆಯ ಒಡೆಯರ ಒಪ್ಪಿಗೆ ಬೇಕು. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯುವ ರಾಜ್ಯ ಕಾಯ್ದೆ 1981ರಿಂದಲೇ ಇದೆ.

ಅರ್ಕಾವತಿ ಕಣಿವೆಗೆ ಒಂದು ಮಾದರಿ ಹೀಗಿರಬಹುದು. ಏಳು ಚುಕ್ಕಿ, ಏಳು ಸಾಲು. ಮೇಲಿನ ಮೂರು ಸಾಲುಗಳಲ್ಲಿ ಒಂದರ ಕೆಳಗೊಂದು ಮೂರು ಅಲೆ. ಅದು ಎಲ್ಲ ಊರಿನಲ್ಲೂ ಒಂದೇ. ಕೆಳಗಿನ ನಾಲ್ಕು ಸಾಲು ಖಾಲಿ. ಊರಿನ ಹೆಸರು, ಹಳ್ಳದ ಅಥವಾ ಬಾವಿಯ ಹೆಸರು, ಪರೀಕ್ಷೆಯಾದ ತಿಂಗಳು ಮತ್ತು ವರ್ಷ ಅಲ್ಲಿ ಬರುತ್ತವೆ. ಅಲೆಗಳ ಸುತ್ತಲಿನ ಗೆರೆ ಮಾತ್ರ ಬದಲಾಗುತ್ತದೆ. ಪರೀಕ್ಷಿಸಿ ಕುಡಿಯಲು ಯೋಗ್ಯವೆಂದು ಕಂಡ ಸಾರ್ವಜನಿಕ ನೀರಿಗೆ ದುಂಡು ಗೆರೆ. ಕೊಳಚೆ ಬಂದು ಕೂಡುವ ಜಾಗಕ್ಕೆ ತುದಿ ಮೇಲಾದ ತ್ರಿಕೋನ. ತುದಿ ಕೆಳಗಾದರೆ ಹಿರಿಯರು ಅದನ್ನು ಕುಟುಂಬ ಯೋಜನೆಯೆಂದೇ ಓದುತ್ತಾರೆ. ಪರೀಕ್ಷೆಯಾಗದ ನೀರಿಗೆ ಬರಿಯ ಅಲೆ. ಇಷ್ಟೇ. ಬದಲಾಗದ ಭಾಗ ಚಿಕ್ಕದಾಗಿಯೂ ಊರು ತುಂಬಬೇಕಾದ ಭಾಗ ದೊಡ್ಡದಾಗಿಯೂ ಇರುವುದೇ ಈ ವ್ಯವಸ್ಥೆಯ ತಿರುಳು.

ತ್ರಿಕೋನ ಎಲ್ಲಿಗೆ ಬೀಳಬೇಕು ಎಂಬುದು ಇಡೀ ವಿಷಯದ ಅತ್ಯಂತ ಸೂಕ್ಷ್ಮವಾದ ಭಾಗ. ಬೈರಮಂಗಲದ ಕೆಳಗಿನ ರೈತರು ಆ ನೀರನ್ನು ಬಯಸಿ ತಂದವರಲ್ಲ. ಬಂದ ನೀರಿಗೆ ತಕ್ಕಂತೆ ಬೆಳೆ ಬದಲಿಸಿಕೊಂಡು, ಮೇವಿನ ಹುಲ್ಲು ಬೆಳೆದು, ಹಾಲು ಮಾರಿ ಬದುಕುತ್ತಿರುವವರು. ಉತ್ಸಾಹದ ತರುಣರು ಅವರ ಹೊಲದ ಬದುವಿನ ಮೇಲೆಯೋ ಬಾವಿಯ ಕಟ್ಟೆಯ ಮೇಲೆಯೋ ಅಪಾಯದ ಗುರುತು ಬರೆದರೆ, ಮರುದಿನ ಅವರ ಸೊಪ್ಪಿಗೆ ಸಂತೆಯಲ್ಲಿ ಬೆಲೆ ಬೀಳುತ್ತದೆ, ಹಾಲಿನ ಬಗೆಗೆ ಮಾತು ಹುಟ್ಟುತ್ತದೆ, ಮನೆಯ ಹೆಣ್ಣುಮಕ್ಕಳ ಸಂಬಂಧದ ಮಾತುಕತೆಗೂ ಅದು ಅಡ್ಡ ಬರಬಹುದು. ಕೊಳೆ ಬಿಟ್ಟವರ ಗೋಡೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆದ್ದರಿಂದ ತ್ರಿಕೋನವು ಕೊಳಚೆ ಕಾಲುವೆ ನದಿಗೆ, ಕೆರೆಗೆ ಸೇರುವ ಬಾಯಿಯಲ್ಲಿ ಇರಬೇಕು, ಉಂಡವರ ಮನೆಯ ಮುಂದೆ ಅಲ್ಲ. ಖಾಸಗಿ ಬಾವಿಯ ಪರೀಕ್ಷೆಯ ಫಲಿತಾಂಶವನ್ನು ಆ ಮನೆಯ ಯಜಮಾನರಿಗೆ ಕಾಗದದಲ್ಲಿ ಕೊಟ್ಟು ವಿವರಿಸಬೇಕು. ಗೋಡೆಗೆ ಬರೆಯಬೇಕೇ ಬೇಡವೇ ಎಂಬ ತೀರ್ಮಾನ ಆ ಮನೆಯದು.

ಬಾಂಗ್ಲಾದೇಶದ ಅನುಭವ ಈ ಎಚ್ಚರಿಕೆಗೆ ಪುಷ್ಟಿ ಕೊಡುತ್ತದೆ. ಅಲ್ಲಿಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇರುವುದು ತಿಳಿದ ಮೇಲೆ, 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಲೀಟರಿಗೆ 50 ಮೈಕ್ರೋಗ್ರಾಂ ಮೀರಿದ ಪಂಪುಗಳಿಗೆ ಕೆಂಪು, ಉಳಿದವಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ತಿಳಿಯುವ ಸರಳ ವ್ಯವಸ್ಥೆ; ಲಕ್ಷಾಂತರ ಜನ ನೆರೆಯ ಹಸಿರು ಪಂಪಿಗೆ ಹೋಗಲು ತೊಡಗಿದ್ದು ನಿಜ. ಆದರೆ ಕೆಲವು ವರ್ಷಗಳಲ್ಲಿ ಬಣ್ಣ ಮಾಸಿತು, ಹೊಸ ಬಾವಿಗಳು ಬಣ್ಣವಿಲ್ಲದೆ ಬಂದವು. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10 ಮೈಕ್ರೋಗ್ರಾಂ ಮಾತ್ರ. ಎಂದರೆ ಹಸಿರು ಬಳಿದ ಕೆಲವು ಪಂಪುಗಳ ನೀರೂ ಆ ಮಿತಿಯನ್ನು ಮೀರಿದ್ದಾಗಿತ್ತು. ಬಣ್ಣಕ್ಕೆ ತಾರೀಖಿರಲಿಲ್ಲ, ಮಿತಿ ಯಾವುದೆಂದು ಪಂಪಿನ ಮೇಲೆ ಬರೆದಿರಲಿಲ್ಲ.

ಹಾಗೆಂದೇ ಮೇಲಿನ ಮಾದರಿಯಲ್ಲಿ ತಿಂಗಳು, ವರ್ಷಗಳಿಗೆ ಜಾಗವಿದೆ. ದುಂಡು ಗೆರೆಯ ಕೆಳಗೆ ಏನನ್ನು ಪರೀಕ್ಷಿಸಲಾಯಿತು ಎಂಬುದೂ ಬರಬೇಕು. ಹಳ್ಳಿಗಳಿಗೆ ಕೊಡುವ ಪರೀಕ್ಷಾ ಪೆಟ್ಟಿಗೆಯಿಂದ ಫ್ಲೋರೈಡ್, ನೈಟ್ರೇಟ್‌ಗಳ ಅಂದಾಜು ದೊರೆಯುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ಮೀರಕೂಡದು. ಆದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಂತಹ ಭಾರಲೋಹಗಳನ್ನು ಆ ಪೆಟ್ಟಿಗೆ ಅಳೆಯಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು. ವೃಷಭಾವತಿಯ ಬದಿಯ ಊರಿನಲ್ಲಿ ಪೆಟ್ಟಿಗೆಯ ಪರೀಕ್ಷೆಯೊಂದನ್ನೇ ನಂಬಿ ದುಂಡು ಗೆರೆ ಎಳೆದರೆ, ಕೀಟನಾಶಕದ ಡಬ್ಬಿಯ ಹಸಿರು ಚೌಕವನ್ನೇ ಮತ್ತೊಮ್ಮೆ ಬರೆದಂತಾಗುತ್ತದೆ.

ಇದೇ ಚುಕ್ಕಿಗಳ ಚೌಕಟ್ಟು ಬೇರೆ ಕೆಲಸಕ್ಕೂ ಒದಗುತ್ತದೆ. ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದುಗಳ ವನ್ಯಜೀವಿಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವು ಸತ್ತ ದನವನ್ನು ತಿಂದ ಹದ್ದುಗಳನ್ನು ಕೊಲ್ಲುತ್ತದೆಂದು ತಿಳಿದು, ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಲಾಯಿತು. ಈ ಸಂದೇಶವನ್ನು ಪಶು ಆಸ್ಪತ್ರೆಯ ಗೋಡೆಗೆ ತರುವಾಗ ಮೂರು ಅಲೆಗಳ ಜಾಗದಲ್ಲಿ ಹಕ್ಕಿ ಬರುತ್ತದೆ. ಅದನ್ನು ಹೆಣದ ಮೇಲೆ ಕೂರಿಸಿ ಬರೆದರೆ ಅಪಶಕುನವೆಂದು ಯಾರೂ ತಮ್ಮ ಗೋಡೆ ಕೊಡರು. ಬಂಡೆಯ ಅಂಚಿನಲ್ಲಿ, ಗೂಡಿನ ಪಕ್ಕದಲ್ಲಿ, ಮರಿಯೊಡನೆ ಬರೆಯಬೇಕು.

ಕೊನೆಗೆ ಒಂದು ವ್ಯಾವಹಾರಿಕ ಪ್ರಶ್ನೆ: ತಗಡು ಯಾರ ಬಳಿ ಇರಬೇಕು? ಒಬ್ಬ ಮುಖಂಡರ ಮನೆಯಲ್ಲಿದ್ದರೆ ಅವರು ಪಕ್ಷ ಬದಲಿಸಿದ ದಿನ ಚಿತ್ರವೂ ಪಕ್ಷ ಬದಲಿಸುತ್ತದೆ. ಶಾಲೆಯಲ್ಲಿ ಒಂದು, ಹಾಲಿನ ಡೈರಿಯಲ್ಲಿ ಒಂದು, ಸ್ತ್ರೀಶಕ್ತಿ ಸಂಘದಲ್ಲಿ ಒಂದು ಇರಲಿ. ತಗಡನ್ನು ಪಡೆದವರ ಹೆಸರು, ಬರೆದ ಜಾಗ, ತಾರೀಖುಗಳನ್ನು ಒಂದು ನೋಟುಪುಸ್ತಕದಲ್ಲಿ ದಾಖಲಿಸಲಿ. ಮಳೆಗಾಲ ಕಳೆದ ಮೇಲೆ ದೀಪಾವಳಿಗೆ ಮನೆಗಳಿಗೆ ಸುಣ್ಣ ಬಳಿಯುವ ಸಮಯದಲ್ಲಿಯೇ ಹಳೆಯ ಗುರುತುಗಳನ್ನು ಅಳಿಸಿ, ಹೊಸ ಪರೀಕ್ಷೆಯ ತಾರೀಖಿನೊಡನೆ ಮತ್ತೆ ಬರೆಯಬಹುದು. ಇಂದು ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಎಕ್ಸ್‌ರೇ ಹಾಳೆ, ಬ್ಲೇಡುಗಳನ್ನು ಕೊಡಲಾಗುವುದು. ಮೊದಲು ‘ಕೆರೆ’ ಎಂಬ ಪದವನ್ನು ಕತ್ತರಿಸಿರಿ. ಕಕಾರ, ರಕಾರಗಳ ಹೊಟ್ಟೆ ಉದುರದೆ ನಿಂತರೆ ಊರಿನ ಹೆಸರಿಗೆ ಹೋಗಬಹುದು. ‘ಹಾರೋಹಳ್ಳಿ’ಯಲ್ಲಿ ಒಂದು ಒತ್ತಕ್ಷರವಿದೆ, ಸಾಲಿನ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟುಕೊಳ್ಳಿರಿ.